ಮನೆಯ ಡೆಸ್ಕ್‌ಟಾಪ್‌ಗೆ 600 ವಿಎ ಯುಪಿಎಸ್ ಸಾಕೇ, 1000 ವಿಎ ಬೇಕೇ?

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಾಮೂಲಿ ಡೆಸ್ಕ್‌ಟಾಪ್ ಆದರೆ 600 ವಿಎ ಧಾರಾಳ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ವಿಎ (ವೋಲ್ಟ್-ಆಂಪಿಯರ್) ಬಿಡಿ, ನಿಜಕ್ಕೂ ಕೊಡಬಲ್ಲ ವ್ಯಾಟ್ ಎಷ್ಟು ನೋಡಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಆಫೀಸ್ ಕೆಲಸದ ಸಿಪಿಯು, 22 ಇಂಚಿನ ಮಾನಿಟರ್ ಸೇರಿ ಎಳೆಯುವುದು 100 ವ್ಯಾಟ್ ಆಸುಪಾಸು.

ಇಂಥ ಯುಪಿಎಸ್ ಒಳಗಿರುವುದು 12 ವೋಲ್ಟ್, 7 ಎಎಚ್‌ನ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಒಂದೇ ಬ್ಯಾಟರಿ. ಹೊಸದಿದ್ದಾಗ 15-20 ನಿಮಿಷ ಬರುತ್ತದೆ. ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಸಾಕು. ಎರಡು-ಮೂರು ವರ್ಷದಲ್ಲಿ ಬ್ಯಾಟರಿ ಸೊರಗಿ, ಕರೆಂಟ್ ಹೋದೊಡನೆ ಯುಪಿಎಸ್ ಕೀಂಗುಟ್ಟಿ ಆರಿಹೋಗುತ್ತದೆ. ಆಗ ಹೊಸ ಯುಪಿಎಸ್ ಯಾಕೆ? ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಅದೇ ಅಳತೆಯ ಬ್ಯಾಟರಿ ಹಾಕಿ. ಕೆಂಪು ವೈರ್ ಪ್ಲಸ್‌ಗೇ ಹೋಗಬೇಕು.

ಲೇಸರ್ ಪ್ರಿಂಟರ್‌ ಅನ್ನು ಮಾತ್ರ ಇದಕ್ಕೆ ಚುಚ್ಚಬೇಡಿ. ಶಾಯಿಪುಡಿ ಬಿಸಿಮಾಡುವಾಗ ಅದು ಕ್ಷಣಕಾಲ ನೂರಾರು ವ್ಯಾಟ್ ಎಳೆದು ಯುಪಿಎಸ್ ಟ್ರಿಪ್ ಮಾಡಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ 1000 ವಿಎ, ಸಾಧ್ಯವಾದರೆ ಸೈನ್ ವೇವ್‌ದೇ (ಗೋಡೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು) ತಗೊಳ್ಳಿ. ಅಗ್ಗದ ಯುಪಿಎಸ್‌ನ ಒರಟು ಅಲೆಗೆ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳು (ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ) ಕೈಕೊಡುತ್ತವೆ.

ಮನೆಯಲ್ಲಿ ಇನ್ವರ್ಟರ್ ಇದೆಯೇ? ಹಾಗಿದ್ದರೆ ಮೊದಲು ಅದರ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್ ಮೋಡ್’ಗೆ ಹಾಕಿ ನೋಡಿ, ಆಗ ಅದು ಬ್ಯಾಟರಿಗೆ ಬೇಗ ಬದಲಾಗುತ್ತದೆ. ಎಷ್ಟೋ ಮನೆಗಳಲ್ಲಿ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ಅಷ್ಟಕ್ಕೇ ನಿಲ್ಲುತ್ತದೆ, ಖರ್ಚೇ ಇಲ್ಲ. ವೈಫೈ ರೂಟರ್‌ಗೆ ಬೇರೆ ಮಿನಿ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ 12 ವೋಲ್ಟಿನದೋ 9 ವೋಲ್ಟಿನದೋ ಓದಿಕೊಂಡು ಅಂಗಡಿಗೆ ಹೋಗಿ.