ಪೀಣ್ಯದಲ್ಲಿ ಆಕ್ಸಿಜನ್ ತುಂಬಿಸಬಹುದಾ?

ಜಕ್ಕೂರಿನಿಂದ ಹಾರಿಸುವ ನಿಮ್ಮ ನಾಲ್ಕು ಸೀಟಿನ ವಿಮಾನದ ಆಕ್ಸಿಜನ್ ಸಿಲಿಂಡರನ್ನು ಪೀಣ್ಯದ ವೆಲ್ಡಿಂಗ್ ಗ್ಯಾಸ್ ಅಂಗಡಿಯಲ್ಲಿ ತುಂಬಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ವೆಲ್ಡಿಂಗ್ ಆಕ್ಸಿಜನ್ ಅನ್ನು ಉಸಿರಾಡೋಕೆ ಅಂತ ಪರೀಕ್ಷೆ ಮಾಡಿ ಕೊಡುವುದಿಲ್ಲ. ವಿಮಾನಕ್ಕೆಂದೇ ಬರುವ ಆಕ್ಸಿಜನ್‌ನಲ್ಲಿ ತೇವ ತೀರಾ ಕಮ್ಮಿ. ಮೇಲಿನ ಚಳಿಗೆ ರೆಗ್ಯುಲೇಟರ್ ಒಳಗೆ ಮಂಜುಗಟ್ಟಿದರೆ ಬರೋ ಗಾಳಿಯೇ ನಿಂತೀತು, ಅಲ್ವಾ? ನಿಮ್ಮ ವಿಮಾನ ನೋಡಿಕೊಳ್ಳುವ ಎಂಜಿನಿಯರ್ ಮೂಲಕ, ಲೈಸೆನ್ಸ್ ಇರುವವರಲ್ಲೇ ತುಂಬಿಸಿ. ಸಿಲಿಂಡರ್ ಕತ್ತಿನ ಮೇಲೆ ಕೊರೆದ ಪರೀಕ್ಷೆಯ ದಿನಾಂಕವನ್ನೂ ನೋಡಿ. ಅವಧಿ ಮುಗಿದಿದ್ದರೆ ತುಂಬಿಸಲೇಬೇಡಿ.

ತುಂಬಿಸುವಾಗ ವಾಲ್ವನ್ನು ತುಂಬಾ ನಿಧಾನಕ್ಕೆ ತಿರುಗಿಸಬೇಕು. ಒಮ್ಮೆಲೇ ತೆರೆದರೆ ಒತ್ತಡದಿಂದ ಕಾವೇರುತ್ತದೆ. ಅಲ್ಲಿ ಒಂಚೂರು ಗ್ರೀಸ್ ಇದ್ದರೂ ಹೊತ್ತಿಕೊಳ್ಳುತ್ತದೆ. ಎಂಜಿನ್ ಆಯಿಲ್ ನೋಡಿದ ಕೈಯಲ್ಲಿ ಸುಮ್ನೆ ಒರೆಸಿಕೊಂಡು ಮುಟ್ಟಬೇಡಿ, ಸೋಪು ಹಾಕಿ ತೊಳೀರಿ. ತುಟಿಗೆ ವ್ಯಾಸಲೀನ್ ಕೂಡ ಬೇಡ. ಸಿಲಿಂಡರನ್ನು ಪೂರ್ತಿ ಖಾಲಿ ಮಾಡಬೇಡಿ. ಸ್ವಲ್ಪ ಒತ್ತಡ ಉಳಿಸಿದರೆ ಹೊರಗಿನ ತೇವ ಒಳಗೆ ಹೋಗುವುದಿಲ್ಲ.

ಅಂತಾರಾಷ್ಟ್ರೀಯ ನಿಯಮದ ಲೆಕ್ಕ ಹೀಗಿದೆ: 10,000 ಅಡಿಗಿಂತ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಇದ್ದರೆ ಪೈಲಟ್‌ಗೆ ಆಕ್ಸಿಜನ್ ಬೇಕು, 13,000 ದಾಟಿದರೆ ಇಡೀ ಹೊತ್ತು ಬೇಕು. ಮೂಗಿನ ನಳಿಕೆ 18,000 ಅಡಿಯವರೆಗೆ ಸಾಕು, ಆಮೇಲೆ ಮಾಸ್ಕ್. ಆಮ್ಲಜನಕ ಕಮ್ಮಿಯಾದಾಗ ಆರಾಮಾಗಿದ್ದೀನಿ ಅನ್ನಿಸುವುದೇ ದೊಡ್ಡ ಅಪಾಯ. ಹಾಗಾಗಿ ಬೆರಳಿಗೆ ಆಕ್ಸಿಮೀಟರ್ ಹಾಕಿಕೊಳ್ಳಿ. ಅಂಕಿ 90ರ ಹತ್ತಿರ ಇಳಿಯುತ್ತಿದ್ದಂತೆ ಹರಿವು ಹೆಚ್ಚಿಸಿ. ಆಗಲೂ ಏರದಿದ್ದರೆ ಕೆಳಗಿಳಿಯಿರಿ.