ಡಾ. ಸಿ.ಎನ್. ಮಂಜುನಾಥ್: ಮೊದಲು ಚಿಕಿತ್ಸೆ, ಹಣ ಆಮೇಲೆ

ಹೃದಯದ ಡಾಕ್ಟರಾಗಿದ್ದು ಸಂಸದರಾದ ಡಾ. ಸಿ.ಎನ್. ಮಂಜುನಾಥ್ ಅವರ ಬದುಕಿನ ಬಗ್ಗೆ ಕೇಳಿದ್ದೀರಿ. ನಾನು ಕಾಸರಗೋಡಿನ ಪೆರ್ಲದವನು, ಕರ್ನಾಟಕದಲ್ಲಿ ನನಗೆ ಓಟಿಲ್ಲ. ಆದರೂ ಅವರ ಮೇಲೆ ನನಗೆ ದೊಡ್ಡ ಗೌರವ ಉಂಟು. ಕಾರಣ ನಮ್ಮ ಮನೆಯದ್ದೇ.

ಚಿಕ್ಕಮ್ಮನಿಗೆ ತೋಟದಿಂದ ಅಂಗಳಕ್ಕೆ ಹತ್ತುವಾಗ ಏದುಸಿರು ಬರುತ್ತಿತ್ತು. ಚಿಕ್ಕಂದಿನಲ್ಲಿ ಬಂದ ಗಂಟಲು ನೋವು, ಕೀಲುನೋವಿನ ಜ್ವರ ಹೃದಯದ ಮೈಟ್ರಲ್ ಕವಾಟವನ್ನು, ಅಂದರೆ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲನ್ನು, ಗಟ್ಟಿ ಮಾಡಿ, ಕಿರಿದು ಮಾಡಿತ್ತು. ಗಡಿ ದಾಟಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊದಲು ಅಡ್ವಾನ್ಸ್ ಕಟ್ಟಿ ಅಂದರು. ಚಿಕ್ಕಪ್ಪ ಊರಿಗೆ ವಾಪಸು ಬಂದು ಬಳೆ ಅಡವಿಟ್ಟು ದುಡ್ಡು ತರುವವರೆಗೆ ಚಿಕ್ಕಮ್ಮ ವೆರಾಂಡದ ಬೆಂಚಿನ ಮೇಲೆ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೇ ಕೂತದ್ದು.

ಆಮೇಲೆ ಅವರಿಗೆ ಎದೆ ಕೊಯ್ಯದೆ ಬಲೂನ್ ಚಿಕಿತ್ಸೆ ಆಯಿತು. ತೊಡೆಸಂದಿನ ರಕ್ತನಾಳದಿಂದ ತೆಳ್ಳಗಿನ ನಳಿಕೆ ತೂರಿಸಿ, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ ದಾಟಿಸಿ, ಅಂಟಿಕೊಂಡ ಕವಾಟದ ಮಧ್ಯೆ ಬಲೂನನ್ನು ಉಬ್ಬಿಸುತ್ತಾರೆ. ಕವಾಟ ಬಿಟ್ಟುಕೊಳ್ಳುತ್ತದೆ. ಮಂಜುನಾಥ್ ಅವರ ಕೈ ಪಳಗಿದ್ದು ಇದರಲ್ಲೇ. ಈ ಕಾಯಿಲೆ ಹೆಚ್ಚಾಗಿ ಬರುವುದು ಬಡವರ ಮನೆಗೆ ಎಂಬುದನ್ನು ಮರೆಯಬಾರದು.

ಅವರು ಹುಟ್ಟಿದ್ದು 1957ರಲ್ಲಿ, ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲೂಕಿನ ಹಳ್ಳಿಯಲ್ಲಿ. ಎಂಬಿಬಿಎಸ್ ಮೈಸೂರಿನಲ್ಲಿ, ಎಂಡಿ ಬೆಂಗಳೂರಿನಲ್ಲಿ. ಹೃದ್ರೋಗದಲ್ಲಿ ಡಿಎಂ ಎಂಬ ಉನ್ನತ ಪದವಿ ಮಾಡಿದ್ದು ನಮ್ಮ ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ. ಬಳಿಕ ಬೆಂಗಳೂರಿನ ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವ ಸೇರಿ, ಅಲ್ಲೇ ನಿರ್ದೇಶಕರಾಗಿ 2024ರ ಜನವರಿಯಲ್ಲಿ ನಿವೃತ್ತರಾದರು. 2007ರಲ್ಲಿ ಪದ್ಮಶ್ರೀ ಬಂತು.

ಜಯದೇವದಲ್ಲಿ ಅವರು ನಡೆಸಿದ ನೇಮ ಒಂದೇ: ಮೊದಲು ಚಿಕಿತ್ಸೆ, ಹಣ ಆಮೇಲೆ. ಕೇಳಲು ಸಣ್ಣ ಮಾತು. ಆದರೆ ಬಳೆ ಬಿಚ್ಚಿಕೊಟ್ಟು ಬೆಂಚಿನ ಮೇಲೆ ಕಾದವರಿಗೆ ಗೊತ್ತು ಅದರ ತೂಕ. ಅದೂ ಸರ್ಕಾರಿ ಸಂಸ್ಥೆಯಲ್ಲಿ! ಮೈಸೂರು, ಕಲಬುರಗಿಗಳಲ್ಲೂ ಈಗ ಜಯದೇವ ಉಂಟು.

ರಾಜಕೀಯದ ಕಥೆ ಚಿಕ್ಕದು. ದೇವೇಗೌಡರ ಅಳಿಯ, ಮಾವನ ಪಕ್ಷ ಜೆಡಿಎಸ್ ಆದರೂ, ಮೈತ್ರಿಯಲ್ಲಿ ಬಿಜೆಪಿ ಚಿಹ್ನೆಯಿಂದ ಬೆಂಗಳೂರು ಗ್ರಾಮಾಂತರದಲ್ಲಿ ನಿಂತರು. 2024ರ ಜೂನಿನಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರನ್ನು 2.69 ಲಕ್ಷ ಮತಗಳಿಂದ ಸೋಲಿಸಿದರು. ಸಂಸದರಾದದ್ದಕ್ಕಿಂತ ಜಯದೇವವನ್ನು ನಡೆಸಿದ್ದೇ ದೊಡ್ಡ ಜನಸೇವೆ ಎಂಬುದು ನನ್ನ ಅಭಿಪ್ರಾಯ.

ಅವರಿಂದ ನನಗೊಂದು ಆಸೆ ಉಂಟು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ತಲಪಾಡಿ ಗಡಿಯ ರಸ್ತೆ ಮುಚ್ಚಿದಾಗ ನಮ್ಮ ಜಿಲ್ಲೆಯ ರೋಗಿಗಳು ಮಂಗಳೂರು ತಲುಪಲಾಗದೆ ಸತ್ತರು. ರೋಗಿಗೆ ರಾಜ್ಯದ ಗಡಿ ಅಡ್ಡ ಬರಬಾರದೆಂದು ಅವರು ಸಂಸತ್ತಿನಲ್ಲಿ ಎದ್ದು ನಿಂತು ಹೇಳಬೇಕು. ಹೃದಯದ ಡಾಕ್ಟರು ಹೇಳಿದರೆ ಕೇಳುವವರು ಇದ್ದಾರು.