ಟ್ಯಾಲಿ ಎಂಟ್ರಿಯನ್ನೆಲ್ಲ ಎಐ ಮಾಡುತ್ತದಂತೆ, ಅಕೌಂಟ್ಸ್ ಲೈನು ಬಿಟ್ಟುಬಿಡಲಾ?

ಬಿಕಾಂ, ಆಡಿಟರ್ ಆಫೀಸಿನಲ್ಲಿ ಎರಡು ವರ್ಷ, ದಿನವಿಡೀ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗೆ ಬಿಲ್ಲು ಎಂಟ್ರಿ, ಈಗ ಹೊಟ್ಟೆಯಲ್ಲಿ ಭಯ ಅಂತ ನೀವು ಕೇಳಿದ್ದೀರಿ. ಇದು ನಂದೇ ಕತೆ ಮಾರಾಯ್ರೆ. ನಾನು ದಾವಣಗೆರೆಯವನು. ಹಳೆಯ ಮಾರಾಟ ತೆರಿಗೆಯ ರಿಟರ್ನ್, ಅಂದರೆ ವ್ಯಾಟ್ 100 ತುಂಬೋದು ಕೈಗೆ ಹತ್ತುವಷ್ಟರಲ್ಲಿ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಕಲಿತದ್ದೆಲ್ಲ ಗುಜರಿಗೆ ಹೋಯ್ತು. ಜಿಎಸ್‌ಟಿ ಕಲಿತೆ, ಬದುಕಿದೆ. ಮುಳುಗಿದ್ದು ಆಮೇಲೆ, ಎಲ್ಲಾ ಆಟೋಮ್ಯಾಟಿಕ್ ಆಯ್ತು ಅಂತ ನಿಶ್ಚಿಂತೆಯಿಂದ ಕೂತಾಗ.

ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಕ್ಲೈಂಟ್ ಇತ್ತು. 2022ರ ಅಕ್ಟೋಬರ್‌ನಲ್ಲಿ ಅವರು ಒಬ್ಬ ಸಣ್ಣ ಡೀಲರಿಂದ 10,80,000 ರೂಪಾಯಿಯ ಕಬ್ಬಿಣ ತಂದರು. ಶೇ. 18ರಂತೆ ತೆರಿಗೆ 1,94,400. ಬಿಲ್ಲಿನ ಮೇಲೆ ಅಂಗಡಿಯ ಜಿಎಸ್‌ಟಿ ನಂಬರ್ ಸರಿಯಾಗಿಯೇ ಇತ್ತು. ಆದರೆ ಡೀಲರ್ ಕಡೆಯ ಹುಡುಗ ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಅದನ್ನು ಬಿ2ಸಿಗೆ, ಅಂದರೆ ಯಾರೋ ದಾರಿಹೋಕ ಗಿರಾಕಿಯ ಲೆಕ್ಕಕ್ಕೆ ಹಾಕಿಬಿಟ್ಟ. ಹಾಗಾಗಿ ನಮ್ಮ 2ಬಿಗೆ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳಿಂದ ಪೋರ್ಟಲ್ ತಾನೇ ಮಾಡುವ ನಮ್ಮ ಖರೀದಿ ಪಟ್ಟಿಗೆ, ಆ ಬಿಲ್ಲು ಬರಲೇ ಇಲ್ಲ. 2022ರ ಜನವರಿಯಿಂದ 2ಬಿಯಲ್ಲಿ ಇಲ್ಲದ ಇನ್‌ಪುಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು) ತಗೊಳ್ಳುವ ಹಾಗೇ ಇಲ್ಲ.

ನಾನು 2ಬಿ ನೋಡಲಿಲ್ಲವಾ? ನೋಡಿದೆ, ಬರೀ ಕೊನೆಯ ಮೊತ್ತದ ಸಾಲು. ಟ್ಯಾಲಿಯಲ್ಲಿ ಕಬ್ಬಿಣದ್ದೂ ಸೇರಿ ಇನ್‌ಪುಟ್ 4,62,400 ಇತ್ತು, 2ಬಿಯಲ್ಲಿ 4,64,000. ನಮಗಿಂತ 1,600 ಜಾಸ್ತಿಯೇ ಇದೆಯಲ್ಲ, ಸೇಫ್ ಅಂತ ಅಷ್ಟೂ ಇನ್‌ಪುಟ್ ತಗೊಂಡು, ತೆರಿಗೆ ಕಟ್ಟುವ ಮಾಸಿಕ ರಿಟರ್ನ್ 3ಬಿ ಫೈಲ್ ಮಾಡಿ ಮಂಡಕ್ಕಿ-ಮೆಣಸಿನಕಾಯಿ ತಿನ್ನೋಕೆ ಹೋದೆ.

ಮೊತ್ತ ಹೇಗೆ ಕೂಡಿತು ಗೊತ್ತಾ? ಅಂಗಡಿಯ ಸಾಹುಕಾರರು ಆಯುಧಪೂಜೆಗೆ ಕಾರು ತಗೊಂಡಿದ್ದರು. ಮೂಲ ಬೆಲೆ ಏಳು ಲಕ್ಷ, ಶೇ. 28ರಂತೆ ತೆರಿಗೆ 1,96,000. ಶೋರೂಮಿನವರು ಅಂಗಡಿಯ ಜಿಎಸ್‌ಟಿ ನಂಬರ್‌ಗೇ ಬಿಲ್ಲು ಹಾಕಿದ್ದರು, ಆ ಬಿಲ್ಲು ನಮ್ಮ ಆಫೀಸಿಗೆ ಬಂದಿರಲಿಲ್ಲ. ಕಾರಿನ ಇನ್‌ಪುಟ್ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರಲ್ಲಿ ಬ್ಲಾಕ್, ತಗೊಳ್ಳೋಕಾಗಲ್ಲ. ಆದರೂ 2ಬಿಯ ಮೊತ್ತದಲ್ಲಿ ಅದು ಸೇರಿಕೊಂಡಿರುತ್ತದೆ. ಕಬ್ಬಿಣದ ಗುಂಡಿಯನ್ನು ಕಾರು ಮುಚ್ಚಿತ್ತು. ಹೊಟ್ಟೆ ಉರಿಯೋದು ಇದಕ್ಕೆ: ಆ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟವನೇ ನಾನು, ಪೇಡಾನೂ ತಿಂದಿದ್ದೆ.

2023ರ ಆಗಸ್ಟ್‌ನಲ್ಲಿ ವಹಿವಾಟು ಐದು ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್ಲು) ಬಂದಾಗ ಅದೇ ಅಂಗಡಿಗೆ ಒಂದೇ ದಿನದಲ್ಲಿ ಸೆಟಪ್ ಮಾಡಿಕೊಟ್ಟು ಭಾರೀ ಬೀಗಿದ್ದೆ. ಡಿಸೆಂಬರ್‌ನಲ್ಲಿ ವಾರ್ಷಿಕ ರಿಟರ್ನ್‌ಗೆ ಅಂತ ಬಿಲ್ಲು ಬಿಲ್ಲು ಹಿಡಿದು ತಾಳೆ ನೋಡಿದಾಗ ಕೈ ನಡುಗಿತು. ಡೀಲರ್ ತಿದ್ದುವ ಗಡುವು ನವೆಂಬರ್ 30ಕ್ಕೇ ಮುಗಿದಿತ್ತು. ಅವನು ತೆರಿಗೆ ಕಟ್ಟಿದ್ದಾನೆ, ಸರ್ಕಾರಕ್ಕೆ ದುಡ್ಡು ಹೋಗಿದೆ, ಆದರೂ ನಮಗಿಲ್ಲ. ಹೈಕೋರ್ಟಿಗೆ ಹೋಗಬಹುದು ಅಂದರು ಆಡಿಟರ್. ಎರಡು ಲಕ್ಷಕ್ಕೆ ಯಾರು ಹೋಗ್ತಾರೆ? ಶೇ. 18ರ ಬಡ್ಡಿ ಸೇರಿ ಸುಮಾರು 2,32,000 ಡಿಆರ್‌ಸಿ-03ರಲ್ಲಿ, ಅಂದರೆ ಬಾಕಿ ತೆರಿಗೆ ನಾವಾಗಿಯೇ ಕಟ್ಟುವ ಫಾರಂನಲ್ಲಿ, ಕಟ್ಟಿದ್ದಾಯ್ತು. ಅರ್ಧ ನನ್ನ ಸಂಬಳದಲ್ಲಿ ಹಿಡಿದರು, ಹತ್ತು ತಿಂಗಳು.

ಈಗ ನಿಮ್ಮ ಪ್ರಶ್ನೆ. ಎಂಟ್ರಿ ಕೆಲಸ ಹೋಗುತ್ತಾ ಅಂತ ಕೇಳೋದೇ ತಪ್ಪು. ಹೋಗುತ್ತೆ, ಹೋಗಲಿ, ಅದೇನು ಪೂರ್ವಿಕರ ಆಸ್ತಿಯಾ? ಈಗಿನ ಸಾಫ್ಟ್‌ವೇರಾಗಿದ್ದರೆ ಆ ಬಿಲ್ಲು ಕಾಣೆಯಾಗಿದೆ ಅಂತ ಎರಡು ನಿಮಿಷದಲ್ಲಿ ತೋರಿಸುತ್ತಿತ್ತು. ತೋರಿಸಿದ ಮೇಲೆ ಡೀಲರಿಗೆ ಫೋನು ಮಾಡಿ, ಬೈಸಿಕೊಂಡು, ತಿದ್ದಿಸೋದು ಯಾರು? 2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಐಎಂಎಸ್ (ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ) ಬಂದಿದೆ, ಪ್ರತಿ ಬಿಲ್ಲಿಗೂ ಒಪ್ಪಿಗೆಯೋ ತಿರಸ್ಕಾರವೋ ಒತ್ತಬಹುದು. ಯಾವುದನ್ನು ಒತ್ತಬೇಕು ಅಂತ ತಿಳಿಯಲು ಅಂಗಡಿಯ ವ್ಯವಹಾರ ಗೊತ್ತಿರಬೇಕು. ಆದಾಯ ತೆರಿಗೆಗೂ 2025ರ ಹೊಸ ಕಾಯ್ದೆ. ಸೆಕ್ಷನ್ ನಂಬರೆಲ್ಲ ಬದಲು, ನಿಮ್ಮ ಸೀನಿಯರೂ ಮತ್ತೆ ಅಆಇಈ. ನಿಮ್ಮ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆ ಹೊತ್ತು ಯಾವುದು?

ಹದಿನೈದು ದಿನದ "ಎಐ ಅಕೌಂಟಿಂಗ್" ಕೋರ್ಸಿಗೆ ದುಡ್ಡು ಸುರಿಯಬೇಡಿ. ವಾರಕ್ಕೊಮ್ಮೆ ಕ್ಲೈಂಟಿನ ಗಲ್ಲಾಪೆಟ್ಟಿಗೆ ಪಕ್ಕ ಹೋಗಿ ಕೂತು ಏನು ಬಂತು, ಏನು ಹೋಯ್ತು ನೋಡಿ. 14ಕ್ಕೆ 2ಬಿ ಬರುತ್ತೆ, 20ಕ್ಕೆ 3ಬಿ. ನಡುವಿನ ಆರು ದಿನ ಬಿಲ್ಲಿಗೊಂದು ಬಿಲ್ಲು ಕೂಡಿಸಿ, ಮೊತ್ತದ ಸಾಲನ್ನು ಕೈಯಿಂದ ಮುಚ್ಚಿಟ್ಟುಕೊಂಡೇ.

ಸಂಬಳ ಸಾಲದು ಅಂತ ಬಿಡೋದಾದರೆ ಅದು ಬೇರೆ ಮಾತು. ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.